ಅಂಗೈ ಮಾವನ ನೀಲಿ, ತಂತಿಯ ಕೆಂಪು

ಅಂಗೈ ಮಾವನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಕರೆಯುವವರಿಲ್ಲದೆ ಅದಕ್ಕೆ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ಬೀದಿಯ ಬಾಯಲ್ಲಿ ಆತ ಅಂಗೈ ಮಾವ, ಆತನ ಹೆಂಡತಿ ಅತ್ತೆ. ಅಂಚೆಯವನು ಕೂಡ ಲಕೋಟೆಯ ಮೇಲಿನ ಹೆಸರು ಓದುವ ಗೋಜಿಗೆ ಹೋಗದೆ, "ಅಂಗೈ ಮಾವ, ನಿಮ್ದೊಂದಿದೆ" ಎಂದು ಒಳಗೆಸೆದು ಮುಂದೆ ಹೋಗುತ್ತಿದ್ದ.

ಹೆಸರು ಅಂಟಿದ್ದು ಆತ ಲ್ಯಾಪ್‌ಟಾಪು ನೋಡುವ ರೀತಿಯಿಂದ. ರಿಪೇರಿಗೆ ಬಂದ ಮಷೀನನ್ನು ಮೊದಲು ಚಾಲೂ ಮಾಡುವುದು, ಒಂದಿಷ್ಟು ಹೊತ್ತು ಕೆಲಸ ಕೊಡುವುದು, ಆಮೇಲೆ ಅದನ್ನು ಕೂಸಿನ ಹಾಗೆ ಎತ್ತಿ, ಹೊಟ್ಟೆಯ ಕೆಳಗೆ ಬಲ ಅಂಗೈ ಇಟ್ಟು ಕಣ್ಣು ಮುಚ್ಚುವುದು. ತಂದವರು ಉಸಿರು ಹಿಡಿದು ನಿಲ್ಲಬೇಕು. ಕಣ್ಣು ಬಿಟ್ಟ ಮೇಲೆ ತೀರ್ಪು: ಇದರ ಗಂಟಲಿಗೆ ಧೂಳು ಕಟ್ಟಿದೆ, ಇದರ ಬ್ಯಾಟರಿ ಊದಿಕೊಳ್ಳುತ್ತಿದೆ, ಇದಕ್ಕೆ ಏನೂ ಆಗಿಲ್ಲ, ನೀವೇ ಹಾಸಿಗೆಯ ಮೇಲಿಟ್ಟುಕೊಂಡು ಉಸಿರು ಕಟ್ಟಿಸಿದ್ದೀರಿ. ಬಿಚ್ಚಿ ನೋಡಿದರೆ ಹತ್ತಕ್ಕೆ ಒಂಬತ್ತು ಸಲ ಅಂಗೈ ಹೇಳಿದ್ದೇ ಇರುತ್ತಿತ್ತು. ಉಳಿದ ಒಂದು ಸಲದ ಸುದ್ದಿಯನ್ನು ಮಾವ ಎತ್ತುತ್ತಿರಲಿಲ್ಲ.

ಅಂಗಡಿ ಇದ್ದದ್ದು ಆತನ ಮನೆಗೆ ಹತ್ತುವ ಮೆಟ್ಟಿಲಿನ ಕೆಳಗೆ. ಸೂರು ಓರೆಯಾಗಿ ಇಳಿಯುತ್ತಿತ್ತು. ಹಳೆಯ ಗಿರಾಕಿಗಳು ರೂಢಿಯಿಂದ ಬಗ್ಗಿ ಬರುತ್ತಿದ್ದರು. ಹೊಸಬರ ಹಣೆಗೆ ಒಮ್ಮೆ ಸಿಮೆಂಟು ತಾಗದೆ ಮಾತುಕತೆ ಶುರುವಾಗುತ್ತಿರಲಿಲ್ಲ. ಗೋಡೆಗೆ ಮೊಳೆ, ಮೊಳೆಗೆ ಚಾರ್ಜರುಗಳ ಗೊಂಚಲು, ಮೇಜಿನ ಮೇಲೆ ಸ್ಕ್ರೂ ತುಂಬಿದ ಬಟ್ಟಲುಗಳು, ಮೂಲೆಯಲ್ಲಿ ಸೋಲ್ಡರಿಂಗ್ ಐರನ್ನು, ಅದರ ಪಕ್ಕದ ಸ್ಟೂಲಿನ ಮೇಲೆ ಆತನ ಭಾವಮೈದ.

ಭಾವಮೈದ ಅಂದರೆ ಅತ್ತೆಯ ತಮ್ಮ. ಸಪೂರ ಮೈ, ಉದ್ದ ಕತ್ತು. ಅವನನ್ನು ಎಲ್ಲರೂ ತಂತಿ ಎನ್ನುತ್ತಿದ್ದರು, ಅವನ ಅಕ್ಕನೂ ಸೇರಿ. ಕೂದಲೆಳೆಯಂಥ ಬೆಸುಗೆಯ ಕೆಲಸವೆಲ್ಲ ಅವನದು. ತುಟಿಯ ನಡುವೆ ನಾಲ್ಕು ಸ್ಕ್ರೂ ಕಚ್ಚಿಕೊಂಡೇ ಜಗಳ ಆಡಬಲ್ಲ ಜಾಣ.

ಮಾವನಿಗೆ ಈ ವಿದ್ಯೆ ಯಾರೂ ಧಾರೆಯೆರೆದದ್ದಲ್ಲ. ಪ್ರಾಯದಲ್ಲಿ ಆತ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಮಷೀನುಗಳ ಮೇಸ್ತ್ರಿಯಾಗಿದ್ದ. ಅಲ್ಲಿ ಸಾಲಾಗಿ ಕೂತು ಹೊಲಿಯುತ್ತಿದ್ದವರಲ್ಲಿ ಒಬ್ಬಳ ಮಷೀನು ಮಾತ್ರ ವಾರವಾರ ಕೆಡುತ್ತಿತ್ತು. ಅವಳೇ ಕೆಡಿಸುತ್ತಿದ್ದಳೆಂದು ಆತ, ಸರಿ ಮಾಡುವ ನೆಪದಲ್ಲಿ ಆತನೇ ಅರೆಬರೆ ಬಿಟ್ಟು ಹೋಗುತ್ತಿದ್ದನೆಂದು ಅವಳು. ಇಬ್ಬರ ಮದುವೆಯಾಗಿ, ಮಕ್ಕಳ ಮದುವೆಯೂ ಆಗಿ, ಆ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಆತ ಮನೆಯ ಕೆಳಗೆ ಅಂಗಡಿ ಇಟ್ಟ. ಹೊಲಿಗೆ ಮಷೀನು ಹೋಗಿ ರೇಡಿಯೋ ಬಂತು, ರೇಡಿಯೋ ಹೋಗಿ ಟೀವಿ ಬಂತು, ಟೀವಿ ಗೋಡೆಗೆ ಅಂಟುವಷ್ಟು ತೆಳ್ಳಗಾದ ಮೇಲೆ ಲ್ಯಾಪ್‌ಟಾಪು ಬಂತು. ಗುಜರಿಯಿಂದ ತಂದು ಬಿಚ್ಚಿದ, ನೋಡಿದ, ಕೆಡಿಸಿದ, ಮತ್ತೆ ಜೋಡಿಸಿದ. ಯಾರು ಕಲಿಸಿದರೆಂದು ಕೇಳಿದರೆ ಗುಜರಿಯ ಕಡೆ ಕೈ ತೋರಿಸುತ್ತಿದ್ದ.

ಹೊಲಿಗೆ ಮಷೀನಿನ ಕಾಲದಿಂದ ಒಂದು ಪದ್ಧತಿ ಮಾತ್ರ ಆತ ಬಿಡಲಿಲ್ಲ. ರಿಪೇರಿಯಾದ ಮಷೀನನ್ನು ಗಿರಾಕಿಗೆ ಒಪ್ಪಿಸುವ ಮುನ್ನ ಮನೆಗೆ ಒಯ್ದು, ಅದರ ಮೇಲೆ ಹೆಂಡತಿ ಒಂದು ದಿಂಬಿನ ಕವರು ಹೊಲಿಯಬೇಕು. ಹೊಲಿಗೆ ನೆಟ್ಟಗೆ ಬಂದರೆ ಮಷೀನು ಹೊರಗೆ. ಹಾಗಾಗಿ ಅವರ ಮನೆಯಲ್ಲಿ ದಿಂಬಿಗಿಂತ ದಿಂಬಿನ ಕವರು ಜಾಸ್ತಿ. ಲ್ಯಾಪ್‌ಟಾಪು ಬಂದ ಮೇಲೂ ಅದೇ ಪಾಠ. ಮಾರುವ ಹಳೆಯ ಲ್ಯಾಪ್‌ಟಾಪು ಯಾವುದೇ ಇರಲಿ, ಕೆಲವು ದಿನ ಮೇಲಿನ ಮನೆಯಲ್ಲಿ ಇದ್ದು ಬರಬೇಕು. ಅತ್ತೆ ಅದರಲ್ಲಿ ಮಗಳ ಮುಖ ನೋಡಿ ಮಾತಾಡಬೇಕು, ಹಾಡು ಕೇಳಬೇಕು, ಮೊಮ್ಮಗಳು ಬಂದರೆ ಬೆರಳಿಗೆ ಸಕ್ಕರೆ ಮೆತ್ತಿಕೊಂಡು ಕೀಲಿ ಒತ್ತಬೇಕು. ಇದಕ್ಕೆ ಮಾವ ಮನೆವಾಸ ಎಂದು ಹೆಸರಿಟ್ಟಿದ್ದ. ಮನೆವಾಸ ಗೆಲ್ಲದ ಮಷೀನು ಮೆಟ್ಟಿಲ ಕೆಳಗಿನಿಂದ ಆಚೆ ದಾಟಿದ್ದಿಲ್ಲ.

ಇನ್ನು ನೀಲಿ, ಕೆಂಪಿನ ಕತೆ.

ಕಡಿಮೆ ಬೆಲೆಯ ಹಳೆಯ ಲ್ಯಾಪ್‌ಟಾಪುಗಳ ಒಳಗೆ ಇರುತ್ತಿದ್ದ ಪ್ರೊಸೆಸರುಗಳಲ್ಲಿ ಎರಡು ಆ ಅಂಗಡಿಗೆ ಹೆಚ್ಚಾಗಿ ಬರುತ್ತಿದ್ದವು. ಒಂದಕ್ಕೆ ನೀಲಿ ಸ್ಟಿಕ್ಕರು, ಇನ್ನೊಂದಕ್ಕೆ ಕೆಂಪು. ಪ್ರೊಸೆಸರು ಕಂಪನಿಗಳು ಎರಡನ್ನೂ ಮಾಡುವುದು ಬಿಟ್ಟು ವರ್ಷಗಳೇ ಆಗಿದ್ದವು. ಆದರೂ ಗರಡಿ ಬಿಟ್ಟ ಪೈಲ್ವಾನರ ಪರ ಕಟ್ಟೆಯ ಮೇಲೆ ಕೂತವರು ಕಾದಾಡುವ ಹಾಗೆ ಭಾವ ಭಾವಮೈದ ದಿನಾ ಕಾದಾಡುತ್ತಿದ್ದರು. ಮಾವ ನೀಲಿಯ ಪಕ್ಷ. ನೀಲಿಯ ಒಳಗೆ ಎರಡೇ ಕೋರು, ಅಂದರೆ ಎರಡೇ ಆಳು. ಕೂಗಿದ ಕೂಡಲೇ ಏಳುವ ಜಾತಕ ಅವರದಲ್ಲ, ಮೈ ಮುರಿದುಕೊಂಡೇ ಎದ್ದು ಬರುತ್ತಾರೆ. ಆದರೆ ಒಮ್ಮೆ ಹೆಗಲು ಕೊಟ್ಟರೆ ಸಂಜೆಯ ತನಕ ಒಂದೇ ಹದದಲ್ಲಿ ದುಡಿಯುತ್ತಾರೆ, ಮೈ ಬಿಸಿಯಾಗುವುದಿಲ್ಲ. ತಂತಿ ಕೆಂಪಿನ ಪಕ್ಷ. ಅದರಲ್ಲಿ ನಾಲ್ಕು ಆಳು, ಒಬ್ಬೊಬ್ಬರೂ ಕೊಂಚ ಬಡಕಲೇ, ಆದರೆ ಕರೆಯುವ ಮೊದಲೇ ಎದುರಿಗೆ ನಿಂತಿರುತ್ತಾರೆ.

"ನಾಲ್ಕು ಹೆಗಲು ಎರಡಕ್ಕಿಂತ ಜಾಸ್ತಿ ಭಾವ. ಇದಕ್ಕೆ ಓದು ಬೇಕಾ?" ಎನ್ನುತ್ತಿದ್ದ ತಂತಿ, ಸ್ಕ್ರೂಗಳ ಸಂದಿಯಿಂದ.

"ನಾಲ್ಕು ಜನ ಒಂದೇ ಅಡುಗೆಮನೇಲಿ ಒಲೆ ಹಚ್ಕೊಂಡು ನಿಂತ್ರೆ ಸೆಕೆ ಯಾರಿಗಪ್ಪ? ಮನೆಯೋರಿಗೆ ತಾನೆ?" ಎನ್ನುತ್ತಿದ್ದ ಮಾವ.

ಎದುರಿನ ಬೀಗದಂಗಡಿಯವನಿಗೆ ಇದು ಬಿಟ್ಟಿ ನಾಟಕ. ಗಿರಾಕಿ ಇಲ್ಲದಾಗ ಕುರ್ಚಿ ತಿರುಗಿಸಿ ಈ ಕಡೆಗೇ ಮುಖ ಮಾಡಿ ಕೂರುತ್ತಿದ್ದ.

ಅತ್ತೆಗೆ ಒಂದು ಲ್ಯಾಪ್‌ಟಾಪು ಬೇಕಾದದ್ದು ಈ ಜಗಳದ ನಡುವೆ. ಅವಳು ಅಂಗಿ ಹೊಲಿಯುವುದನ್ನು ಮನೆಯಿಂದಲೇ ಕಲಿಸಲು ಶುರು ಮಾಡಿದ್ದಳು. ಎಲ್ಲೆಲ್ಲೋ ಇರುವ ಹೆಂಗಸರು, ಅವರವರ ಮನೆಯಲ್ಲಿ ಬಟ್ಟೆ ಹರವಿಕೊಂಡು, ಪರದೆಯ ಮೇಲೆ ಇವಳ ಕೈ ನೋಡಿ ಕತ್ತರಿಸಬೇಕು. ಮೊದಲ ತರಗತಿ ಮನೆಯಲ್ಲಿದ್ದ ಮುದಿ ಲ್ಯಾಪ್‌ಟಾಪಿನಲ್ಲಿ ನಡೆಯಿತು, ನಡೆಯಿತು ಎನ್ನುವುದಕ್ಕಿಂತ ಮುಗ್ಗರಿಸಿತು. ಕೊರಳಿನ ಸುತ್ತು ಕತ್ತರಿಸುವಾಗ ಚಿತ್ರ ನಿಂತೇ ಹೋಯಿತು. ಅತ್ತೆಯ ಕತ್ತರಿ ಬಾಯಿ ತೆರೆದುಕೊಂಡು ಪರದೆಯಲ್ಲಿ ನಿಂತಿದ್ದನ್ನು ಕಂಡ ಕಲಿಯುವವರು, ಇನ್ನೂ ಕತ್ತರಿಸಬೇಕೆಂದುಕೊಂಡು ಕತ್ತರಿಸುತ್ತಲೇ ಹೋದರು. ಚಿತ್ರ ಮತ್ತೆ ಅಲುಗಾಡುವ ಹೊತ್ತಿಗೆ ಒಬ್ಬಳ ಅಂಗಿಯ ಕೊರಳಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತಲೆ ತೂರಿಸಬಹುದಾಗಿತ್ತು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು. ತರಗತಿ ಮುಗಿದ ಮೇಲೆ ಮಾತ್ರ ಅವಳು ಚಾಕ್‌ಪೀಸನ್ನು ಡಬ್ಬಿಗೆ ಹಾಕುತ್ತ, ಇನ್ನೊಂದು ಸಲ ಹೀಗಾದರೆ ಯಾರೂ ಬರುವುದಿಲ್ಲ, ತನಗೂ ಕರೆಯುವ ಮುಖವಿರುವುದಿಲ್ಲ ಎಂದಳು. ಕಾರ್ಖಾನೆ ಮುಚ್ಚಿದ ಮೇಲೆ ತನ್ನ ಕೈಗೆ ಮರ್ಯಾದೆ ಕೊಟ್ಟು ಯಾರಾದರೂ ಕೂತಿದ್ದರೆ ಈ ಹೆಂಗಸರೇ ಎಂದೂ ಹೇಳಿದಳು. ಮುಂದಿನ ತರಗತಿ ಭಾನುವಾರ.

ಅದೇ ವಾರ, ಮುಚ್ಚಿಹೋದ ಒಂದು ಕಚೇರಿಯಿಂದ ಎರಡು ಲ್ಯಾಪ್‌ಟಾಪು ಬಂದವು. ಒಂದೇ ಕಂಪನಿಯವು, ಒಂದೇ ಮೈಕಟ್ಟು, ಒಂದೇ ಬೂದಿ ಬಣ್ಣ; ಅವಳಿ ಮಕ್ಕಳಿದ್ದ ಹಾಗೆ. ಹೊರಗಿನಿಂದ ವ್ಯತ್ಯಾಸ ಒಂದೇ: ಒಂದರ ಅಂಗೈ ಊರುವ ಜಾಗದಲ್ಲಿ ನೀಲಿ ಸ್ಟಿಕ್ಕರು, ಇನ್ನೊಂದರಲ್ಲಿ ಕೆಂಪು. ಒಂದು ಅತ್ತೆಗೆ, ಇನ್ನೊಂದು ಮಾರಾಟಕ್ಕೆ ಎಂದು ತೀರ್ಮಾನವಾಯಿತು. ಯಾವುದು ಅತ್ತೆಗೆ ಎಂಬುದರ ಮೇಲೆ ಬೀದಿಯೇ ಎರಡು ಭಾಗವಾಯಿತು.

ಎಡವಟ್ಟು ಆದದ್ದು ತೊಳೆಯುವಾಗ. ಎರಡು ಮಷೀನನ್ನು ಒಟ್ಟಿಗೆ ಬಿಚ್ಚಬಾರದೆಂಬುದು ಮಾವ ತಾನೇ ಮಾಡಿಕೊಂಡ ಕಟ್ಟಳೆ. ಭಾನುವಾರ ಹತ್ತಿರವಿತ್ತು, ಅವಸರಕ್ಕೆ ಕಟ್ಟಳೆ ಮುರಿದ. ಕೀಲಿಮಣೆಯ ಸುತ್ತ ಇರುವ, ಸ್ಟಿಕ್ಕರು ಅಂಟಿದ ಮೇಲಿನ ಮುಚ್ಚಳವನ್ನು ಎರಡರಿಂದಲೂ ಕಳಚಿ, ಕೀಲಿಮಣೆ ತೆಗೆದು, ಯಾರದೋ ಹಳೆಯ ಚಹಾದ ಕಲೆಯನ್ನು ಸಾಬೂನಿನಲ್ಲಿ ಉಜ್ಜಿ, ಮಹಡಿಯ ಮೇಲೆ ಅತ್ತೆ ಒಗೆದು ಹಾಕಿದ್ದ ಬಟ್ಟೆಗಳ ಪಕ್ಕ ಒಣಗಲು ಇಟ್ಟ. ಸಂಜೆ ತಂದು, ಇದಕ್ಕೆ ಅದನ್ನು, ಅದಕ್ಕೆ ಇದನ್ನು ಕೂರಿಸಿದ. ಅವಳಿ ಮೈಯಲ್ಲವೇ, ಸ್ಕ್ರೂ ತಕರಾರಿಲ್ಲದೆ ಬಿಗಿಯಾದವು. ನೀಲಿ ಸ್ಟಿಕ್ಕರು ಹೋಗಿ ಕೆಂಪಿನ ನಾಲ್ಕು ಆಳುಗಳ ಮೇಲೆ ಕೂತಿತು. ಕೆಂಪು ಸ್ಟಿಕ್ಕರು ನೀಲಿಯ ಇಬ್ಬರ ಮೇಲೆ. ಇದು ಮಾವನಿಗೂ ಗೊತ್ತಾಗಲಿಲ್ಲ, ತಂತಿಗೂ ಗೊತ್ತಾಗಲಿಲ್ಲ.

ಶನಿವಾರ ಮಧ್ಯಾಹ್ನ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಪಂದ್ಯ ಶುರುವಾಯಿತು. ಬೀಗದಂಗಡಿಯವನು ಕುರ್ಚಿಯ ಸಮೇತ ಬೀದಿ ದಾಟಿ ಬಂದ. ಒಂದೇ ಸಲ ಎರಡರ ಗುಂಡಿಯನ್ನೂ ಒತ್ತಿದರು. ನೀಲಿ ಸ್ಟಿಕ್ಕರಿನದು ಚಂಗನೆ ಎದ್ದು ನಿಂತಿತು. ಕೆಂಪು ಸ್ಟಿಕ್ಕರಿನದು ಮೈ ಮುರಿಯುತ್ತ, ಆಕಳಿಸುತ್ತ, ತಡವಾಗಿ ಕಣ್ಣು ಬಿಟ್ಟಿತು.

ಆಗ ಕೇಳಬೇಕಿತ್ತು ಇಬ್ಬರ ಮಾತು. ವರ್ಷಗಟ್ಟಲೆ ನಿಧಾನವೇ ದೊಡ್ಡದೆಂದು ವಾದಿಸಿದ್ದ ಮಾವ, ಚುರುಕು ಅಂದರೆ ಹೀಗಿರಬೇಕು, ಅವಸರದ ಕಾಲದಲ್ಲಿ ಕಾಯುವವರು ಯಾರು ಎಂದ. ನಾಲ್ಕು ಆಳು ಓಡಿ ಬರುವ ಸುಖವನ್ನು ಹಾಡಿಹೊಗಳುತ್ತಿದ್ದ ತಂತಿ, ಮೊದಲು ಎದ್ದದ್ದು ಮುಖ್ಯವಲ್ಲ, ಕೊನೆಯ ತನಕ ನಿಲ್ಲುವುದು ಯಾವುದೋ ನೋಡಿ ಎಂದ. ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಆಡುತ್ತಿದ್ದರು, ಇಬ್ಬರಿಗೂ ಅರಿವಿಲ್ಲ. ಬೀಗದಂಗಡಿಯವನಿಗೆ ಮಾತ್ರ ಎಲ್ಲೋ ಕೀಲಿ ತಪ್ಪು ಬೀಗಕ್ಕೆ ಬಿದ್ದಿದೆ ಅನ್ನಿಸಿತಂತೆ. ನಾಟಕ ಕೆಡಿಸುವುದು ಬೇಡವೆಂದು ಸುಮ್ಮನಿದ್ದ.

"ಸಾಕು ಬಿಡ್ರೋ. ಅಂಗೈ ಏನು ಹೇಳುತ್ತೆ ಕೇಳೋಣ" ಎಂದ ಅವನು.

ಮಾವ ಅಂಗಿಯ ತೋಳು ಮಡಿಚಿದ. ಕೆಂಪು ಸ್ಟಿಕ್ಕರಿನದರ ಹೊಟ್ಟೆಗೆ ಅಂಗೈ ಇಟ್ಟ. ಕಣ್ಣು ಮುಚ್ಚಿದ. ಆಮೇಲೆ ನೀಲಿ ಸ್ಟಿಕ್ಕರಿನದಕ್ಕೆ ಇಟ್ಟ. ಈ ಸಲ ಕಣ್ಣು ಬಿಡಲು ಕೊಂಚ ಹೆಚ್ಚೇ ಹೊತ್ತು ಹಿಡಿಯಿತು.

ನಿಜ ಏನೆಂದರೆ, ಆ ಅಂಗೈಗೆ ಏನೂ ತಿಳಿದಿರಲಿಲ್ಲ. ಕೆಲವು ತಿಂಗಳಿಂದ ಹಾಗೇ ಆಗಿತ್ತು. ಸೋಲ್ಡರಿಂಗ್ ಐರನ್ನಿನ ಸುಟ್ಟ ಗುರುತು, ಸ್ಕ್ರೂಡ್ರೈವರಿನ ಜಡ್ಡು, ಅದರ ಮೇಲೆ ಇನ್ನೊಂದು ಜಡ್ಡು. ತೊಗಲು ಚಪ್ಪಲಿಯ ಅಟ್ಟೆಯಷ್ಟು ದಪ್ಪವಾಗಿತ್ತು. ಒಂದು ದಿನ ಕುದಿಯುವ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದು ಆತ ಹರಟುತ್ತ ನಿಂತಿದ್ದನ್ನು ಕಂಡು ಬೀಗದಂಗಡಿಯವನು, ಕೈ ಅಂದರೆ ಇದು ಎಂದು ಹೊಗಳಿದ್ದ. ತನ್ನ ಅಂಗೈಗೆ ಬಿಸಿ ತಿಳಿಯುತ್ತಿಲ್ಲವೆಂದು ಮಾವನಿಗೆ ಗೊತ್ತಾದದ್ದು ಅವತ್ತೇ. ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿಯುವುದೇನು? ಹೆಸರೇ ಅಂಗೈ ಮಾವ. ಅಂಗೈ ಹೋದರೆ ಮಿಕ್ಕಿದ್ದು ಮೆಟ್ಟಿಲ ಕೆಳಗಿನ ಒಬ್ಬ ಮುದುಕ. ಅಂದಿನಿಂದ ಆತ ಫ್ಯಾನಿನ ಸದ್ದು ಕೇಳಿ, ಸ್ಟಿಕ್ಕರು ನೋಡಿ, ಅನುಭವದ ಅಂದಾಜಿನಲ್ಲಿ ತೀರ್ಪು ಕೊಡುತ್ತ ದಿನ ತಳ್ಳುತ್ತಿದ್ದ. ಅಂದಾಜು ಇನ್ನೂ ಕೈಕೊಟ್ಟಿರಲಿಲ್ಲ.

"ನೀಲಿ ತಣ್ಣಗಿದೆ, ಕೂಸಿನ ಕೆನ್ನೆ ಹಾಗೆ. ಕೆಂಪು ಆಗಲೇ ಉಗುರುಬೆಚ್ಚಗೆ" ಎಂದ ಮಾವ. ತಂತಿ ಎಷ್ಟು ವಾದ ಮಾಡಿದರೂ ಅಂಗೈಯ ಮಾತಿನ ಮೇಲೆ ಮಾತಾಡಿದವನಲ್ಲ. ತಲೆ ತಗ್ಗಿಸಿ ಸ್ಕ್ರೂ ಕಚ್ಚಿಕೊಂಡ. ನೀಲಿ ಸ್ಟಿಕ್ಕರಿನದು ಮೇಲೆ ಹೋಯಿತು.

ಸಂಜೆ ಅತ್ತೆ ನಾಳಿನ ತರಗತಿಯನ್ನು ಒಮ್ಮೆ ಆಡಿ ನೋಡುತ್ತೇನೆಂದಳು. ಮುಖ ಕಾಣಲು ಒಂದು ಕ್ಯಾಮೆರಾ, ಕೈ ಕಾಣಲು ಮೇಲಿಂದ ಇಳಿಬಿಟ್ಟ ಇನ್ನೊಂದು, ಪಕ್ಕದಲ್ಲಿ ಅಳತೆಯ ಚಿತ್ರ. ಮೂರೂ ಒಟ್ಟಿಗೆ ನಡೆಯಬೇಕು. ವಿದ್ಯಾರ್ಥಿನಿಯ ಪಾತ್ರಕ್ಕೆ ತಂತಿ. ಅವನು ಕೆಳಗೆ ಅಂಗಡಿಯಲ್ಲಿ ಮೊಬೈಲು ಒರಗಿಸಿಕೊಂಡು, ಹಳೆಯ ಪೇಪರು ಹರವಿ, ಕತ್ತರಿ ಹಿಡಿದು ಕೂತ. ಮಾವ ಎರಡು ಮೆಟ್ಟಿಲು ಮೇಲೆ, ಎರಡು ಮೆಟ್ಟಿಲು ಕೆಳಗೆ ಎಂದು ಓಡಾಡುತ್ತಿದ್ದ.

ಮೊದಮೊದಲು ಎಲ್ಲ ಹೂವು ಎತ್ತಿದ ಹಾಗೆ. ಭುಜ ಮುಗಿಯಿತು, ತೋಳಿನ ಸುತ್ತು ಮುಗಿಯಿತು. ಕೊರಳಿಗೆ ಬರುವ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಫ್ಯಾನು ಜೀರುಂಡೆಯ ಹಾಗೆ ಅರಚತೊಡಗಿತು. ತಂತಿಯ ಮೊಬೈಲಿನಲ್ಲಿ ಅಕ್ಕನ ಕೈ ಎಳೆದೆಳೆದು ಚಲಿಸಿತು, ಆಮೇಲೆ ನಿಂತಿತು. ಕತ್ತರಿ ಬಾಯಿ ತೆರೆದೇ ಇತ್ತು. ತಂತಿ ಆಜ್ಞಾಧಾರಕ ವಿದ್ಯಾರ್ಥಿನಿ, ಕತ್ತರಿಸುತ್ತ ಹೋದ.

ಸ್ವಲ್ಪ ಹೊತ್ತಿಗೆ ಅವನು ಆ ಪೇಪರಿನ ಅಂಗಿಯನ್ನು ಕೊರಳಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. ಕೊರಳು ಭುಜ ದಾಟಿ ಮೊಣಕೈಗೆ ಇಳಿದು ನಿಂತಿತ್ತು.

"ಅಕ್ಕಾ, ಇದು ಅಂಗಿನಾ, ಲಂಗನಾ?"

ಅತ್ತೆ ನಗಲಿಲ್ಲ. ಲ್ಯಾಪ್‌ಟಾಪಿನ ಕೆಳಗೆ ಬೆರಳು ತೂರಿಸಿ ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಇದನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಬೊಬ್ಬೆ ಬರುತ್ತದೆ ಎಂದಳು. ಗಂಡನ ಕಡೆ ತಿರುಗಿ, ಸುಸ್ತಾಗಿ ನಿಂತದ್ದು ಬಿಸಿಯಿಂದಲೇ, ಬಿಸಿಯಾದರೆ ಮಷೀನು ತಾನಾಗಿಯೇ ಹೆಜ್ಜೆ ನಿಧಾನ ಮಾಡುತ್ತದೆ ಎಂದು ನೀವೇ ಅಲ್ಲವೇ ಹೇಳಿಕೊಟ್ಟದ್ದು ಎಂದಳು.

ಮಾವ ಬಂದು ಅಂಗೈ ಇಟ್ಟ. ಒತ್ತಿ ಇಟ್ಟ.

"ತಣ್ಣಗೇ ಇದೆಯಲ್ಲೇ."

ತಂತಿ ತಾನೂ ಒಂದು ಬೆರಳು ತಾಗಿಸಿ, ಬೆರಳನ್ನು ಬಾಯಿಗೆ ಇಟ್ಟುಕೊಂಡ. ಬೊಬ್ಬೆ ಬರುವಷ್ಟು ಬಿಸಿಯ ಮೇಲೆ ಆ ಕೈ ಹಾಗೇ ಇತ್ತು, ಕದಲಲಿಲ್ಲ.

ಅತ್ತೆ ಮೆಲ್ಲಗೆ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳ ಮುಂದೆ ಎರಡು ದಾರಿ ಇದ್ದವು. ಗಂಡನ ಅಂಗೈಯ ಮಾತಿಗೆ ಮರ್ಯಾದೆ ಕೊಟ್ಟು ನಾಳೆ ಇದನ್ನೇ ಮುಂದಿಟ್ಟುಕೊಂಡು ಕೂತರೆ, ಕೊರಳಿನ ಹೊತ್ತಿಗೆ ತರಗತಿ ಹೋಯಿತು. ಇದು ಬೇಡ ಎಂದರೆ, ಇಡೀ ಬೀದಿಯ ಎದುರು ಅಂಗೈ ಹೋಯಿತು. ಅವಳು ಎರಡನ್ನೂ ಆರಿಸಲಿಲ್ಲ. ದರ್ಜಿಯವಳಲ್ಲವೇ, ಯಾವ ಅಂಗಿ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುವಿ ಹೊಲಿಗೆ ನೋಡುವುದು ಅವಳ ಅಭ್ಯಾಸ.

"ಮೇಲಿನ ಸ್ಟಿಕ್ಕರ್ ಇರ್ಲಿ. ಒಳಗೆ ಇದು ತನ್ನ ಹೆಸರು ಏನು ಅಂತ ಬರ್ಕೊಂಡಿದೆ, ಅದನ್ನ ತೋರ್ಸೋ" ಎಂದಳು ತಮ್ಮನಿಗೆ.

ಮಷೀನಿನ ಪೂರ್ವಾಪರವೆಲ್ಲ ಬರೆದಿರುವ ಪುಟ ಒಂದಿರುತ್ತದೆ. ಮಾವ ಅದನ್ನು ತೆರೆದವನೇ ಅಲ್ಲ. ಮೈ ಮುಟ್ಟಿದರೆ ತಿಳಿಯುವುದಕ್ಕೆ ಪುಟ ಯಾಕೆ ಎಂಬ ಠೇಂಕಾರ. ತಂತಿ ತೆರೆದ. ಪ್ರೊಸೆಸರು ಎಂಬ ಸಾಲಿನ ಎದುರು ಉದ್ದನೆಯ ಹೆಸರು. ಅದು ಕೆಂಪಿನವರ ಹೆಸರು. ಕೆಳಗಿನಿಂದ ಇನ್ನೊಂದನ್ನು ತಂದು ನೋಡಿದರೆ, ಕೆಂಪು ಸ್ಟಿಕ್ಕರಿನ ಕೆಳಗೆ ನೀಲಿಯವರ ಹೆಸರು ತಣ್ಣಗೆ ಕೂತಿತ್ತು.

ತಂತಿ ಪರದೆಯನ್ನು ನೋಡಿದ, ಮಹಡಿಯ ಬಟ್ಟೆ ಹಗ್ಗವನ್ನು ನೋಡಿದ, ಭಾವನನ್ನು ನೋಡಿದ. ತಲೆಯಲ್ಲಿ ಒಂದೊಂದೇ ಸ್ಕ್ರೂ ಬಿಗಿಯಾಯಿತು. ಮಧ್ಯಾಹ್ನ ಚಂಗನೆ ಎದ್ದದ್ದು ತನ್ನ ಕೆಂಪು. ಬಿಸಿಯಾಗಿ ನಿಂತದ್ದೂ ತನ್ನ ಕೆಂಪೇ. ಕೆಲಸ ಕೆಟ್ಟಿರುವಾಗ ಇನ್ನೊಬ್ಬನಾಗಿದ್ದರೆ ಭಾವನ ಅವಸರವನ್ನು ಆಡಿಕೊಂಡು ನಗುತ್ತಿದ್ದ. ತಂತಿ ಪೇಪರಿನ ಅಂಗಿ ಸರಿಮಾಡಿಕೊಂಡು ಹೇಳಿದ:

"ಭಾವ, ನೀವು ಹೇಳ್ತಿದ್ದಿದ್ದೇ ಸರಿ. ನಾಲ್ಕು ಜನ ಒಲೆ ಹಚ್ಚಿದ್ರೆ ಸೆಕೆ ಆಗುತ್ತೆ. ನಿಮ್ಮ ನೀಲಿನೇ ಗೆದ್ದಿದ್ದು."

ಎಷ್ಟು ವರ್ಷ ಕಾದಿದ್ದ ಮಾವ ಈ ಮಾತಿಗೆ. ಬೀಗದಂಗಡಿಯವನ ಕಿವಿಗೆ ಬೀಳುವ ಹಾಗೆ ಕಿಟಕಿಯಿಂದ ಕೂಗಬೇಕಿತ್ತು. ಆತ ಕೂಗಲಿಲ್ಲ. ಮಂಚದ ಅಂಚಿಗೆ ಕೂತು ಅಂಗೈ ಬಿಡಿಸಿ ನೋಡಿಕೊಂಡ.

"ಗೆದ್ದಿದ್ದು ನೀಲಿ. ಸೋತಿದ್ದು ಇದು" ಎಂದ. "ಸುಡೋದನ್ನ ತಣ್ಣಗಿದೆ ಅಂದುಬಿಟ್ಟೆನಲ್ಲೇ. ಇನ್ನೊಬ್ಬರ ಮಷೀನು ಆಗಿದ್ರೆ?"

ಅತ್ತೆ ಪಕ್ಕದಲ್ಲಿ ಕೂತಳು. ಬೀಗದಂಗಡಿಯವನು ಚಹಾದ ಲೋಟದ ಸುದ್ದಿ ಹೇಳಿದ ದಿನದಿಂದಲೇ ತನಗೆ ಗುಮಾನಿ ಇತ್ತು ಎಂದಳು. ಮನೆಯಲ್ಲಿ ಸ್ನಾನದ ನೀರಿನ ಹದ ನೋಡಲು ತನ್ನನ್ನೇ ಕರೆಯುತ್ತಿದ್ದದ್ದು, ಕಾಯಿಸಿದ ಹಾಲಿನ ಪಾತ್ರೆಯನ್ನು ಬಟ್ಟೆ ಇಲ್ಲದೆ ಇಳಿಸಿದ್ದು, ಎಲ್ಲವನ್ನೂ ನೋಡಿದ್ದಳು. ಹೇಳಿದರೆ ಆತ ಮುಖ ಊದಿಸಿಕೊಳ್ಳುತ್ತಾನೆಂದು ಬಾಯಿ ಬಿಟ್ಟಿರಲಿಲ್ಲ.

"ರೀ, ಮಗಳು ಚಿಕ್ಕೋಳಿದ್ದಾಗ ಜ್ವರ ಬಂದ್ರೆ ನಾನು ಹೆಂಗೆ ನೋಡ್ತಿದ್ದೆ, ನೆನಪಿದೆಯಾ?"

ಮಾವ ಇಲ್ಲವೆಂದು ತಲೆ ಆಡಿಸಿದ.

ಅವಳು ಆತನ ಬಲಗೈಯನ್ನು ಹಿಡಿದು ಮಗುಚಿದಳು, ದೋಸೆ ಮಗುಚಿದಷ್ಟು ಸಲೀಸಾಗಿ. ಹಿಂಗೈಯನ್ನು ತೆಗೆದುಕೊಂಡು ಹೋಗಿ, ಅರಚುತ್ತಿದ್ದ ಲ್ಯಾಪ್‌ಟಾಪಿನ ಹೊಟ್ಟೆಗೆ ತಾಗಿಸಿದಳು.

ಮಾವ ಹೌಹಾರಿ ಕೈ ಎಳೆದುಕೊಂಡ. "ಸುಡುತ್ತಲ್ಲೇ ಇದು" ಎಂದ. ಎಂದವನೇ ಅದನ್ನು ಮತ್ತೆ ಇಟ್ಟ, ಮತ್ತೆ ಎಳೆದುಕೊಂಡ. ಬೆಂಕಿಯನ್ನು ಮೊದಲ ಸಲ ಕಂಡ ಮಗುವಿನ ಹಾಗೆ ಮೂರನೆಯ ಸಲವೂ ಇಟ್ಟ. ಒಂದು ದಿನವೂ ಐರನ್ನು ತಾಗದ, ಜಡ್ಡು ಕಟ್ಟದ ತೊಗಲು ಆ ಕಡೆಗಿತ್ತು. ಇಷ್ಟು ವರ್ಷ ಅಂಗೈ ದುಡಿದು ಸವೆದರೆ, ಅದರ ಹಿಂದೆಯೇ ಇನ್ನೊಂದು ಕೈ ಕೆಲಸವಿಲ್ಲದೆ ಹೊಸದಾಗಿಯೇ ಕೂತಿತ್ತು.

ಆಮೇಲೆ ನಗು ಬಂತು. ಮೊದಲು ಅತ್ತೆಗೆ, ಆಮೇಲೆ ತಂತಿಗೆ, ಕೊನೆಗೆ ಮಾವನಿಗೆ. ತಂತಿಯ ಪೇಪರಿನ ಅಂಗಿ ನಗುವಿನ ರಭಸಕ್ಕೆ ಹರಿದು ಕಾಲಿನ ಬಳಿ ಬಿತ್ತು.

ಎರಡನೆಯ ಸಲ ತರಗತಿ ಆಡಿ ನೋಡಿದರು, ಈ ಸಲ ಕೆಂಪು ಸ್ಟಿಕ್ಕರಿನದರಲ್ಲಿ. ತಡವಾಗಿ ಎದ್ದಿತು. ಆಕಳಿಸಿತು. ಆದರೆ ಕೊರಳು ಮುಗಿದು, ಕಾಲರು ಮುಗಿದು, ಗುಂಡಿಯ ಕಾಜ ಹೇಳಿಕೊಡುವ ತನಕ ಅದರ ಫ್ಯಾನು ಪಿಸುಮಾತಿಗಿಂತ ಮೇಲೇರಲಿಲ್ಲ. ಮಾವ ಹಿಂಗೈ ಇಟ್ಟು ನೋಡಿ, ಮಲಗಿರುವ ಬೆಕ್ಕಿನ ಮೈಯಷ್ಟೇ ಬೆಚ್ಚಗಿದೆ ಎಂದ. ಅತ್ತೆಯೂ ತಾಗಿಸಿ ನೋಡಿ ಹೌದೆಂದಳು.

ಇನ್ನು ಮುಚ್ಚಳಗಳನ್ನು ಅದಲುಬದಲು ಮಾಡಿ ಸರಿಮಾಡಿಬಿಡೋಣವೆಂದು ಮಾವ ಸ್ಕ್ರೂಡ್ರೈವರು ತೆಗೆದ. ಅತ್ತೆ ಮಷೀನಿನ ಮೇಲೆ ಕೈ ಅಡ್ಡ ಇಟ್ಟಳು.

"ನನ್ನದು ಹಾಗೇ ಇರ್ಲಿ ಬಿಡಿ. ಮೇಲೆ ತವರಿನ ಬಣ್ಣ, ಒಳಗೆಲ್ಲ ಗಂಡನ ಮನೆ ದುಡಿತ. ನನ್ನ ಹಾಗೇ ಇದೆ."

ಭಾವ ಭಾವಮೈದ ಇಬ್ಬರೂ ಗೆದ್ದ ಹಾಗೆ ಕಂಡಿತು, ಇಬ್ಬರಿಗೂ ಏನೋ ಚುರುಕ್ಕೆಂದಿತು. ಇನ್ನೊಂದರ ನೀಲಿ ಸ್ಟಿಕ್ಕರನ್ನು ಮಾತ್ರ ತಂತಿ ಉಗುರಿನಲ್ಲಿ ಕಿತ್ತು ತೆಗೆದ; ಮಾರುವ ಮಷೀನಿನ ಹಣೆಯ ಮೇಲೆ ಸುಳ್ಳು ಇರಬಾರದು. ಬೀದಿಯ ಕೊನೆಯಲ್ಲಿ ಶಾಲೆಯ ಮಕ್ಕಳಿಗೆ ಪಾಠದ ಪ್ರಿಂಟು ತೆಗೆದುಕೊಡುವ ಅಂಗಡಿಯವನಿಗೆ ಥಟ್ಟನೆ ಏಳುವ, ಐದು ನಿಮಿಷದ ಕೆಲಸ ಮಾಡಿ ಮತ್ತೆ ಮಲಗುವ ಮಷೀನು ಬೇಕಿತ್ತು. ನಾಲ್ಕು ಆಳುಗಳಿಗೆ ಅದೇ ತಕ್ಕ ಮನೆ ಎಂದು, ಅಂಥ ಸಣ್ಣ ಕೆಲಸದ ಮನೆವಾಸ ಗೆದ್ದ ಮೇಲೆ ಕೊಡುವ ಮಾತಿನ ಮೇಲೆ, ತಂತಿಯೇ ಅದನ್ನು ಅಲ್ಲಿಗೆ ಗೊತ್ತು ಮಾಡಿದ.

ಭಾನುವಾರ ಬೆಳಗ್ಗೆ ಕಲಿಯುವವರೆಲ್ಲ ಒಬ್ಬೊಬ್ಬರಾಗಿ ಪರದೆಯ ಚೌಕಗಳಲ್ಲಿ ಬಂದು ಕೂತರು. ಹೋದ ಸಲ ಅಗಲದ ಕೊರಳು ಕತ್ತರಿಸಿದವಳೂ ಬಂದಿದ್ದಳು. ಅದನ್ನೇ ಚೀಲ ಮಾಡಿ ಹೊಲಿದುಕೊಂಡೆ ಎಂದು ಎತ್ತಿ ತೋರಿಸಿದಳು. ಅತ್ತೆ ಚಾಕ್‌ಪೀಸು ಹಿಡಿದಳು. ಮಾವ ಯಾರಿಗೂ ಕಾಣಬಾರದೆಂದು ಮೇಜಿನ ಪಕ್ಕ ನೆಲದ ಮೇಲೆ ಕೂತು, ತೋಳು ಮಾತ್ರ ಮೇಲಕ್ಕೆ ಚಾಚಿ, ಹಿಂಗೈಯನ್ನು ಮಷೀನಿನ ಪಕ್ಕೆಗೆ ಒರಗಿಸಿಕೊಂಡಿದ್ದ. ತಂತಿ ಬಾಗಿಲ ಬಳಿ ನಿಂತು ಉಸಿರೂ ಬಿಡದೆ ನೋಡುತ್ತಿದ್ದ. ಭುಜ ಆಯಿತು. ತೋಳಿನ ಸುತ್ತು ಆಯಿತು. ಕೊರಳು ಬಂತು.

ಅಷ್ಟರಲ್ಲಿ ಒಂದು ಚೌಕದಿಂದ ದನಿ ಕೇಳಿಸಿತು.

"ಮೇಡಂ, ನಿಮ್ಮ ಮೇಜಿನ ಮೂಲೇಲಿ ಯಾರದೋ ಕೈ ಕಾಣಿಸ್ತಿದೆ."

ಮಾವ ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದ. ಅತ್ತೆ ಚಾಕ್‌ಪೀಸಿನ ಕೈಯಿಂದಲೇ ಅದನ್ನು ಅಲ್ಲೇ ಅದುಮಿ ಹಿಡಿದಳು.

"ಅದಾ? ಅದು ನಮ್ಮ ಯಜಮಾನರದು. ಮಷೀನಿಗೆ ಜ್ವರ ಬರದ ಹಾಗೆ ನೋಡ್ಕೊಳ್ತಾ ಇದಾರೆ. ಅದು ಅಲ್ಲೇ ಇರುತ್ತೆ, ನೀವು ಕತ್ತರಿ ನೋಡಿ."

ಚೌಕಗಳೆಲ್ಲ ನಕ್ಕವು. ಕತ್ತರಿ ಬಾಯಿ ತೆರೆಯಿತು, ಮುಚ್ಚಿತು, ಒಂದು ಕ್ಷಣವೂ ಎಲ್ಲಿಯೂ ನಿಲ್ಲದೆ ಬಟ್ಟೆಯ ಮೇಲೆ ಬಿಳಿಯ ಗೆರೆಯ ಗುಂಟ ಸಾಗಿ ಹೋಯಿತು. ನೆಲದ ಮೇಲೆ ಕೂತಿದ್ದ ಮಾವನ ತೋಳು ನೋಯುತ್ತಿತ್ತು. ಆತ ಅದನ್ನು ಇಳಿಸಲಿಲ್ಲ. ಹಿಂಗೈಗೆ ಬೆಕ್ಕಿನ ಮೈಯ ಬಿಸುಪು ತಿಳಿಯುತ್ತಿತ್ತು, ಅಂಗೈಯ ಮೇಲೆ ಚಾಕ್‌ಪೀಸಿನ ಪುಡಿ ಮೆತ್ತಿದ ಹೆಂಡತಿಯ ಬೆರಳುಗಳ ಗುರುತೂ ಇತ್ತು.